ಕುಳಿ

ಬಾಗೇಪಲ್ಲಿ ಠಾಣೆಯ ಮೇಜಿನ ಮೇಲೆ
ದವಡೆಯೊಂದನ್ನಿಟ್ಟು ಕೇಳಿದರು: ಗುರುತಿದೆಯಾ?
ಹಲ್ಲುಗಳ ಮೇಲೆ ಕಂದು ಗೆರೆ.
ಇದು ನಮ್ಮೂರ ಬೋರ್‌ವೆಲ್ಲು ಎಲ್ಲರ ಬಾಯಲ್ಲೂ ಎಳೆದಿದ್ದು ಸಾರ್,
ನಂಗೂ ಇದೆ ನೋಡಿ, ಎಂದು
ಎಷ್ಟೋ ವರ್ಷದ ಮೇಲೆ
ಕೈ ಅಡ್ಡ ಹಿಡಿಯದೆ ಬಾಯಿ ತೆರೆದೆ.

ಊರು ಗೊತ್ತಾಯಿತು. ಹೆಸರು ಗೊತ್ತಾಗಲಿಲ್ಲ.

ಕ್ವಾರಿಯ ನೀರು ಇಳಿದಾಗ ಸಿಕ್ಕಿದ್ದಂತೆ.
ನಮ್ಮ ಗಂಗುಲಪ್ಪ ಅಲ್ಲೇ ಕಂಪ್ರೆಸರ್ ಹಿಡಿದು
ಬಂಡೆಗೆ ಕುಳಿ ಹೊಡೆಯುತ್ತಿದ್ದವನು.
ಹನ್ನೊಂದು ವರ್ಷದ ಹಿಂದೆ, ಒಂದು ಶನಿವಾರ,
ಬಾಕಿ ಕೂಲಿ ಕೇಳಿಕೊಂಡು ಬರ್ತೀನಿ ಅಂದಿದ್ದ.

ಆಸ್ಪತ್ರೆಯ ನರ್ಸಮ್ಮ ನನ್ನ ಬೆರಳು ಚುಚ್ಚಿದಳು.
ಅಮ್ಮ ಇಲ್ಲದಿದ್ದರೂ ಪರವಾಗಿಲ್ಲ,
ಅವರದ್ದು ನಿಮ್ಮಲ್ಲೂ ಇರುತ್ತೆ, ಅಂದಳು.
ಎಲ್ಲಿ ಅಂತ ಕೇಳಲಿಲ್ಲ.
ಹತ್ತಿ ಒತ್ತಿಕೊಂಡು ಬಸ್ಸಿನಲ್ಲಿ
ಅವಳ ಕೈ ಹಿಡಿದವಳಂತೆ ಕೂತಿದ್ದೆ.

ಏಳು ತಿಂಗಳಿಗೆ ಕಾಗದ ಬಂತು, ಜೊತೆಗೊಂದು ಡಬ್ಬಿ.
ಹುಳುಕೇ ಕಾಣದ ಹಲ್ಲು ಅವನದು,
ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ಕೀಳುತ್ತಿದ್ದ.
ಈಗ ನಡುವೆ ಸಣ್ಣದೊಂದು ತೂತು,
ನೆಟ್ಟಗೆ, ನುಣುಪಾಗಿ.
ಅವನೇ ನೋಡಿದ್ದರೆ ಅನ್ನುತ್ತಿದ್ದ:
ಯಾರೋ ಕೆಲಸ ಗೊತ್ತಿರೋನೇ ಹೊಡೆದಿದಾನೆ.