ಬಾಲ ಯಾವ ಕಡೆಗೆ

ಅರಸೀಕೆರೆ ತಾಲ್ಲೂಕು ಕಚೇರಿ, ಮೂರನೇ ಕಿಟಕಿ.
ಒಳಗೆ ನಾನು, ಗುತ್ತಿಗೆಯ ಬೆರಳು:
ದಿನಕ್ಕೆ ನೂರಿಪ್ಪತ್ತು ಅರ್ಜಿ ಒತ್ತಬೇಕು,
ಕಡಿಮೆಯಾದರೆ ಹಿಂದಿನಿಂದ ಶಿರಸ್ತೇದಾರರ ಕೆಮ್ಮು.

ಕತ್ತರಿ ಬಾಚಣಿಗೆಗಳಿಗೆಲ್ಲ ಬೀಗ ಬಿದ್ದ ಬೇಸಿಗೆ ಅದು.
ಕ್ಷೌರದವರಿಗೆ ಪರಿಹಾರ, ನೇರ ಖಾತೆಗೆ, ಎಂದು
ಬಾಗಿಲಿಗೆ ಅಂಟಿಸಿದ್ದೆವು.
ರೈಲ್ವೆ ಗೇಟಿನ ಪಕ್ಕದ ಅಂಗಡಿಯ ಮುದ್ಲಗಿರಿಯಪ್ಪ ಬಂದರು,
ಅವರದೇ ಗಡ್ಡ ಎರಡು ತಿಂಗಳದು.

ಅರ್ಜಿಯನ್ನು ಯಾರ ಕೈಗೂ ಕೊಡದೆ ತಾವೇ ತುಂಬಿದರು.
ಐಎಫ್‌ಎಸ್‌ಸಿಯ ಇಂಗ್ಲಿಷ್ ಅಕ್ಷರಗಳನ್ನು
ಪಾಸ್‌ಬುಕ್ ನೋಡಿ ನೋಡಿ ರಂಗೋಲಿಯಂತೆ ಇಳಿಸಿದರು.
'ಐದನೇದು ಯಾವಾಗ್ಲೂ ಸೊನ್ನೆಯಂತೆ, ಯಾಕವ್ವಾ?'
ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.
ಖಾತೆ ಸಂಖ್ಯೆ ಮಾತ್ರ ಕನ್ನಡದ ಅಂಕಿಯಲ್ಲಿ,
ಹದಿಮೂರು ಮನೆ, ಮನೆಗೊಂದು,
ಮೂರನೇ ಕ್ಲಾಸಿನ ಸ್ಲೇಟಿನಿಂದ ಎದ್ದು ಬಂದ ಹಾಗೆ
ದುಂಡಗೆ, ಅವಸರವಿಲ್ಲದೆ.

ಜೊತೆಗಿಟ್ಟ ಜೆರಾಕ್ಸು ಮಸಿ ಹಿಡಿದಿತ್ತು.
ಅವರು ಬರೆದದ್ದು ೬.
ನಾನು ಒತ್ತಿದ್ದು ಒಂಬತ್ತು.
ನಾನೂ ಕನ್ನಡ ಶಾಲೆಯವಳೇ;
ಬಸ್ಸಿನ ನೆತ್ತಿಯಲ್ಲಿ, ಮೈಲಿಗಲ್ಲಿನಲ್ಲಿ ನೋಡಿರುತ್ತೇನೆ,
ನೋಡಿ ಓದದೆ ಬಿಟ್ಟಿರುತ್ತೇನೆ.

ಇಪ್ಪತ್ತು ದಿನಕ್ಕೆ ನನ್ನ ಪರದೆ ಹಸಿರಾಗಿ
'ಜಮೆಯಾಗಿದೆ' ಎಂದಿತು.
'ಬಂದದೆ ಅಂತದೆ ನಿನ್ನ ಪೆಟ್ಟಿಗೆ,
ಬಂದಿಲ್ಲ ಅಂತದೆ ನನ್ನ ಬುಕ್ಕು.
ಇಬ್ಬರಲ್ಲಿ ಯಾರವ್ವಾ ಸುಳ್ಳುಗಾರ?'
ನಾಲ್ಕು ಸಲ ಬಂದರು. ನಾಲ್ಕನೇ ಸಲ
ಕಿಟಕಿಗೆ ಬರದೆ ಬೆಂಚಿನಲ್ಲೇ ಕೂತು ಎದ್ದು ಹೋದರು.

ಬ್ಯಾಂಕಿನವರು ಹೆಸರು ಹೇಳುವಂತಿಲ್ಲವಂತೆ.
ಎರಡು ಟೀ ಆದ ಮೇಲೆ ಅಲ್ಲಿನ ಅಟೆಂಡರು
'ಗಂಡಸಿ ಹ್ಯಾಂಡ್‌ಪೋಸ್ಟು, ಬಳೆಯಮ್ಮ' ಅಂದ.
ಭಾನುವಾರ ಹೋದೆ. ನೂರುನ್ನೀಸಾ,
ತಳ್ಳುಗಾಡಿಯ ಮೇಲೆ ಹಸಿರು ಗಾಜು.
'ಬೀದಿ ವ್ಯಾಪಾರದ್ದು ನಂದೂ ಅರ್ಜಿ ಇತ್ತಲ್ಲ,
ಬಂತು ಅಂದ್ಕೊಂಡೆ.
ದುಡ್ಡಿನ ಮೇಲೆ ಹೆಸರು ಬರ್ದಿರ್ತದಾ ಮೇಡಂ?'
ಅರ್ಧ ಮನೆ ಬಾಡಿಗೆಗೆ ಹೋಗಿತ್ತು,
ಉಳಿದರ್ಧ ಅಲ್ಲೇ, ಗಾಡಿಯ ಮೇಲೆ,
ಡಜನ್ ಡಜನ್ ಆಗಿ ಮಿರಮಿರ ಮಿಂಚುತ್ತಿತ್ತು.

ಮುದ್ಲಗಿರಿಯಪ್ಪನವರಿಗೆ ಹೇಳಿದೆ. ಗಡ್ಡ ಕೆರೆದುಕೊಂಡರು.
'ಹಂಗಾದ್ರೆ ಆ ತಾಯಿದು ಬಂದಾಗ
ನನ್ನ ನಂಬರಿಗೆ ಹಾಕ್ಬುಡು, ಲೆಕ್ಕ ಚುಕ್ತಾ.'
ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಕಾಲಂ ಇದ್ದದ್ದು ಕಾರಣಕ್ಕೆ.
ಶಿರಸ್ತೇದಾರರು ಹೇಳಿದರು, ನಾನು ಒತ್ತಿದೆ:
'ಅರ್ಜಿದಾರನು ಖಾತೆ ಸಂಖ್ಯೆಯನ್ನು
ಅಸ್ಪಷ್ಟವಾಗಿ ಬರೆದಿರುತ್ತಾನೆ.'
ಒಂದಕ್ಷರ ತಪ್ಪಿಲ್ಲದೆ ಒತ್ತಿದೆ.
ಕೆಳಗೆ ಸಹಿ ಮಾಡಿದರು ಅವರು,
ಓದಿದರೋ ಇಲ್ಲವೋ, ನಾನು ಕೇಳಲಿಲ್ಲ.
ಕಡತ ಹಾಸನಕ್ಕೆ ಹೋಯಿತು. ಇನ್ನೂ ಅಲ್ಲೇ ಇದೆ.

ಅಂಗಡಿ ತೆರೆದ ತಿಂಗಳು
ನನ್ನ ಚಿಕ್ಕವನನ್ನು ಕರೆದುಕೊಂಡು ಹೋದೆ.
ಕನ್ನಡಿಯ ಮೇಲೆ ಸುಣ್ಣದಲ್ಲಿ, ಅದೇ ಕೈ:
ಕಟಿಂಗ್ ೬೦.
ಬಾಲ ಯಾವ ಕಡೆಗೆ ಎಂದು
ಹುಡುಗನ ತಲೆ ಮುಗಿಯುವವರೆಗೂ ನೋಡುತ್ತಾ ಕೂತೆ.
ಮಾಲು ಗಾಡಿಯೊಂದು ಹಾದುಹೋಯಿತು,
ಬಾಟಲಿಗಳೆಲ್ಲ ಸಣ್ಣಗೆ ನಡುಗಿ ನಿಂತವು.

ಎದ್ದು ತೊಂಬತ್ತು ಕೊಟ್ಟೆ.
ಅವರು ನೋಟು ನೋಡಿದರು, ಬೋರ್ಡು ನೋಡಿದರು,
'ಇನ್ನೂ ಕಲೀಲಿಲ್ವಾ ಮಗಾ' ಎಂದು
ಮೂವತ್ತು ರೂಪಾಯಿ ಎಣಿಸಿ ಹುಡುಗನ ಕೈಗಿಟ್ಟರು.

ಸರಿಯಾಗಿಯೇ ಓದಿದ್ದೆ ಈ ಸಲ.
ಹೇಳಲಿಲ್ಲ.