ಅಧ್ಯಕ್ಷರ ಮನಿಗಳು

ಕಾಲೇಜಿನ ಹುಡುಗಿ ನೌಶೀನ್ ಬಂದು ಕೇಳಿದಳು:
'ಸಾಯಿಬಣ್ಣ ಮುತ್ಯಾ, ಶಹಾಬಾದದ ಹಳೇ ಅಧ್ಯಕ್ಷರ ಮನಿ
ಎಲ್ಲೆಲ್ಲಿ ಅವ, ತೋರಸ್ತೀರೇನು?
ಬರದು ಕೊಡಬೇಕು, ಇಪ್ಪತ್ತು ಮಾರ್ಕ್ಸಿಗೆ.'

ನಗರಸಭೆಯ ಜವಾನ ನಾನು. ಮೂವತ್ತೊಂದು ವರ್ಷ
ಸಹಿಯ ಕಡತ ಬಗಲಾಗಿಟ್ಟುಕೊಂಡು
ಓಣಿ ಓಣಿ ತಿರುಗಿದವ.
ಅವರ ಮನಿ ನನಗ ಗೊತ್ತು, ಹೌದು,
ಹೊಸ್ತಿಲದ ತನಕ ಗೊತ್ತು.
ಚಪ್ಪಲಿ ಹೊರಗ ಬಿಟ್ಟು ನಿಂತವನ ಅಂಗಾಲಿಗೆ
ಗೊತ್ತಿರೋದು ಫರಸಿ ಮಾತ್ರ.

ಮೊದಲು ವಾಡೆ.
ದೊಡ್ಡ ಬಾಗಿಲದಾಗೊಂದು ಸಣ್ಣ ಬಾಗಿಲ,
ತಲಿ ಬಗ್ಗಸದೇ ಯಾರೂ ಒಳಗ ಹೋಗಂಗಿಲ್ಲ.
ಬಸವಂತರಾಯರದು ಹಸಿರು ಶಾಯಿ.
ಸಹಿ ಹಾಕಿ, ಊದಿ, ಅದು ಆರೋ ತನಕ
ನನ್ನ ಮುಖ ನೋಡತಿರಲಿಲ್ಲ.
ಕರಿ ಫರಸಿ, ಎಣ್ಣಿ ಒರೆಸಿದಂಗ ನುಣುಪು,
ಮೇ ತಿಂಗಳದಾಗೂ ತಣ್ಣಗ. ಅದರ ಪುಣ್ಯಾ ಯಾಕ ಮರೀಲಿ,
ತಾಸುಗಟ್ಟಲೆ ನಿಂದ್ರಿಸಿದರೂ ಕಾಲು ಸುಡಲಿಲ್ಲ.
ಈಗಲ್ಲಿ ಯೂರಿಯಾ ಗೋದಾಮು.
ಹಮಾಲರು ಬಗ್ಗಿ ಬಗ್ಗಿ ಒಳಗ ಹೋಗತಾರ,
ಬಾಗಿಲಕ್ಕ ಬಗ್ಗಿದರೋ, ಚೀಲಕ್ಕ ಬಗ್ಗಿದರೋ
ಹೇಳಾಕ ಬರಂಗಿಲ್ಲ.

ರೈಲ್ವೆ ಹಳಿ ದಾಟಿ ವಕೀಲ ಮುನವ್ವರ್ ಸಾಹೇಬರ ಮನಿ.
'ಬೈಠೋ' ಅಂದ ಮೊದಲನೇ ಅಧ್ಯಕ್ಷರು ಅವರು.
ಕುರ್ಚಿಯ ಒಂದು ಕಾಲಿಗೆ ಕಾನೂನಿನ ಪುಸ್ತಕ ಆಸರ,
ತುದೀಗೆ ಕುಂತೆ, ಎರಡೂ ಬೀಳಬಾರದು ಅಂತ.
ಇವತ್ತು ಮೊಮ್ಮಗ ಬಾಗಿಲ ತೆಗೆದ. 'ಯಾರು ಬೇಕು?'
'ಅಧ್ಯಕ್ಷರು' ಅಂತ ಬಾಯಿಗೆ ಬಂದುಬಿಟ್ಟಿತು.
ಅವರು ಹೋಗಿ ಹದಿನೆಂಟು ವರ್ಷಾತು.

ಕಾಂಟ್ರಾಕ್ಟರ್ ಮಲ್ಕಣ್ಣನ ಗೇಟಿಗೆ ಎರಡು ಸಿಂಹ,
ಒಂದರ ಮೂಗು ಹೋಗೇದ.
ಊರ ಸುತ್ತ ಕಲ್ಲಿನ ಖಣಿ ಇದ್ದರೂ
ರಾಜಸ್ಥಾನದಿಂದ ಸಂಗಮರವರಿ ತರಿಸಿದ ಪುಣ್ಯಾತ್ಮ.
ನನ್ನ ನಿಂದ್ರಿಸಿದ್ದು ಸಿಂಹದ ಬಾಜೂಕ.
ಆ ಕಲ್ಲಿನ ತಂಪು ನನಗ ಗೊತ್ತಿಲ್ಲ ತಾಯಿ,
ಬರಕೋ ಬ್ಯಾಡ.

'ಇನ್ನೊಂದು ಉಳೀತಲ್ಲ ಮುತ್ಯಾ,
ಪಟ್ಟಿಯಾಗ ಜಗದೇವಿ ಅಂತ ಹೆಸರದ.'

ಮೀಸಲಾತಿ ಬಂದ ವರ್ಷ ಕುರ್ಚಿಗೆ ಕುಂತಾಕಿ,
ಅದರ ಹಿಂದಿನ ವಾರದ ತನಕ ಖಣಿಯಾಗ ಕಲ್ಲು ಒಡದಾಕಿ.
ಮೊದಲ ದಿನ ಗಂಡ ಕೈ ಚಾಚಿದ: 'ಕೊಡಿಲ್ಲಿ, ನಾ ಹಾಕತೀನಿ.'
ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತು.
'ಸಾಯಿಬಣ್ಣ, ಒಳಗ ಬಾ. ಏನು ಬರದಾರ, ಓದು.'
ನಾಲ್ಕನೇತ್ತೆ ಕಲತವ ನಾನು, ತಡವರಿಸಿ ತಡವರಿಸಿ ಓದಿದೆ.
ಅಷ್ಟು ವರ್ಷ ಹೊತ್ತ ಕಾಗದದಾಗ ಏನಿರತದ ಅಂತ
ನನಗೂ ಗೊತ್ತಾಗಿದ್ದು ಆವತ್ತೇ.
ಆಕಿ ಮನಿ ನೆಲಕ್ಕ ಖಣಿಯ ಒಡಕು ತುಂಡು,
ಒಂದು ಎತ್ತರ, ಒಂದು ತಗ್ಗು,
ಹಿಟ್ಟು ಬಿದ್ದ ಕಡೆ ಬೆಳ್ಳಗ.

ಸ್ಟೇಷನ್ ರಸ್ತೆ ಅಗಲ ಮಾಡೋ ಕಡತ ಬಂತು.
ಹದಿನೇಳು ಮನಿ. ಒಂದೊಂದೇ ಹೆಸರು ಓದಿದೆ.
ಹನ್ನೊಂದನೇದಕ್ಕ ಬಾಯಿ ಕಟ್ಟಿತು.
'ಓದು' ಅಂದಳು.
ಓದಿದೆ.
'ಇಷ್ಟು ಮಂದಿಗೆ ಜಾಗ ಎಲ್ಲಿ ಕೊಡತಾರ, ಅದೆಲ್ಲಿ ಬರದದ?'
ಬರದಿರಲಿಲ್ಲ.
ಮೂರು ಸಲ ಕಡತ ತಿರುಗಿ ಕಳಿಸಿದಳು, ಮೂರು ಸಲ ನಾನೇ ಹೊತ್ತೆ.
ನಾಲ್ಕನೇ ಸಲ ಬರದಿತ್ತು. ಆಗ ಸಹಿ ಹಾಕಿದಳು,
'ಜ' ದೊಡ್ಡದು, ಹಿಂದಿನವು ಸಣ್ಣವು,
ಹಾಕಿದ ಮ್ಯಾಲ ನನಗ ಚಾ ಕೊಟ್ಟಳು.

'ಹಂಗಾರ ಆ ಮನಿ ಎಲ್ಲದ?'
'ಇಲ್ಲೇ' ಅಂದೆ,
ಅಂದು ಚಪ್ಪಲಿ ಬಿಟ್ಟೆ, ರೂಢಿ.
ಡಾಂಬರು ಕಾದಿತ್ತು.
'ಮುತ್ಯಾ, ಬಾಜೂಕ ಬರ್ರಿ!'
ಫರಸಿ ಹೇರಿದ ಲಾರಿ ಹಾರ್ನ್ ಹೊಡಕೋತ
ಒಲಿ ಇದ್ದ ಜಾಗದ ಮ್ಯಾಲ ಹಾದು ಹೋತು.

ನೌಶೀನ್ ಮೊಬೈಲ್ ಹಿಡಕೊಂಡು ನಿಂತಿದ್ದಳು.
'ಫೋಟೋ ಯಾವುದರದು ತೆಗೀಲಿ?'
ನಾ ಚಪ್ಪಲಿ ಹುಡುಕತಿದ್ದೆ.