ಬಲಿ ಹಾಕುವ ಹಡಗು

"ನನ ಗಂಡ ಹಡಗಿನ್ಯಾಗ ಬಲಿ ಹಾಕತಿದ್ದರೀ" ಅಂದಳು ಮಾರೆಕ್ಕ,
ಬಳ್ಳಾರಿಯ ಸೈನಿಕರ ಕಚೇರಿ, ಮೇ ತಿಂಗಳ ಹನ್ನೊಂದೂವರೆ,
ಕಿಟಕಿಯಲ್ಲಿ ಕೋಟೆಗುಡ್ಡ ಕಾಯುತ್ತಿತ್ತು ಹೆಂಚಿನ ಹಾಗೆ.
ತುಮಕೂರು ಕಡೆಯವನು ನಾನು, ಬಂದು ಎರಡೇ ತಿಂಗಳು,
ಕುರಿಯೋ ಕೋಣವೋ ಎಂದು ಕೇಳಿಬಿಟ್ಟೆ.
ಟೈಪು ಹೊಡೆಯುವ ಖಾಜಾಸಾಬ ತಲೆಯೆತ್ತದೆ ತಿದ್ದಿದ:
ಬಲೆ ಸಾರ್, ಬಲೆ.

ಸೆರಗಿನ ಗಂಟಿನಿಂದ ಹೊರಬಂತು ಪುಸ್ತಕ.
ನೀಲಿ ರಟ್ಟು, ಮೀನೆಣ್ಣೆಯ ಕಲೆ.
ಅಂಬಿಗರ ಸುಂಕ್ಲಪ್ಪ, ಕಂಪ್ಲಿ.
ಎತ್ತರ ಐದಡಿ ಮೂರಂಗುಲ. ಎದೆಯ ಮೇಲೊಂದು ಮಚ್ಚೆ.
ಕಸುಬು ಎಂಬಲ್ಲಿ ಯಾರೋ ದೊರೆ, ಹರಿಗೋಲು ನೋಡದವನು,
ಬರೆದಿದ್ದಾನೆ: ಬುಟ್ಟಿ ನಡೆಸುವವ.
ಈಜು: ಬರುತ್ತದೆ.

ನಲವತ್ತೆರಡರ ಜೂನು, ಗುಂತಕಲ್ಲಿನಲ್ಲಿ ರೈಲು ಬದಲಿಸಿ ವೈಜಾಗು.
ಆಚೆ ದಡವಿಲ್ಲದ ನೀರನ್ನು ಮೊದಲು ಕಂಡಾಗ
ಚಪ್ಪಲಿ ಬಿಟ್ಟು ಕೈಮುಗಿದನಂತೆ, ಆಮೇಲೆ ಬಾಯಿಗೆ ಹಾಕಿ ಉಗುಳಿದನಂತೆ.
ಹಡಗಿಗೆ ಹೆಸರಿಲ್ಲ, ನಂಬರು.
ಮೂತಿಗೆ ಎರಡು ಕೊಂಬು, ಬಲೆ ಎತ್ತಲಿಕ್ಕೆ;
ಖಲಾಸಿಗಳ ಬಾಯಲ್ಲಿ ಅದು ಎಮ್ಮೆ.
ಇದ್ದೊಂದು ತೋಪಿಗೆ ಗೋಣಿತಟ್ಟು ಹೊದಿಸಿ ಕಟ್ಟಿತ್ತು,
ಗಂಟು ಬಿಚ್ಚುವ ಹೊತ್ತು ಬರಲಿಲ್ಲ.

ಬಂದರಿನ ಬಾಯಿಗೆ ಅಡ್ಡ ಕಬ್ಬಿಣದ ಬಲೆ,
ಒಂದೊಂದು ಕಣ್ಣೂ ಬಾಂಡ್ಲಿಯಗಲ.
ನಮ್ಮ ಹಡಗು ಬಂದರೆ ಬಾಗಿಲು ತೆಗೆ, ಹೋದರೆ ಹಾಕು.
ಪಾಚಿ ಹೆರೆ, ಚಿಪ್ಪು ಕೆತ್ತು, ತುಕ್ಕುಹಿಡಿದ ಕೊಂಡಿ ಬದಲಿಸು,
ಮತ್ತೆ ಇಳಿಸು. ಪುಟದ ಮೇಲೆ ಪುಟ ಇಷ್ಟೇ.

"ಅಷ್ಟು ದೊಡ್ಡ ಕಣ್ಣಾಗ ಮೀನ ಹೆಂಗ ನಿಲ್ತಾವು?"
ಲಗ್ನವಾದ ಹೊಸತಿನಲ್ಲಿ ಇವಳು ಕೇಳಿದ್ದಳು.
"ನಿಲ್ಲಬಾರದು. ಏನೂ ಬೀಳಬಾರದು.
ಬಿದ್ದಿಲ್ಲಂದ್ರ ಬಲಿ ಛಲೋ ಐತಿ ಅಂತ ಅರ್ಥ."
ಹೊಳೆದಂಡೆಯ ಹುಡುಗಿ, ನಕ್ಕು ಸಾಕಾಗಿ ಒಲೆ ಊದಲು ಹೋದಳು.

ಒಂದೇ ಒಂದು ರಾತ್ರಿ ಬಲೆ ಎಳೆಯಿತು.
ಗಂಟೆ, ದೀಪ, ಬೂಟುಗಳ ಓಟ.
ಬೆಳಕು ಹರಿದಾಗ ಕಬ್ಬಿಣದ ಕಣ್ಣಿಗೆ ಸಿಕ್ಕಿಕೊಂಡದ್ದು
ನೂಲಿನ ಬಲೆ, ಅದರಾಚೆ ಕಟ್ಟುಮರದ ಮೇಲೆ
ಕೈಯೆತ್ತಿ ಕೂತ ಒಬ್ಬ ಮುದುಕ.
ಕತ್ತರಿಸಿ ಬಿಸಾಕು ಅಂತ ಹುಕುಂ.
ಸುಂಕ್ಲಪ್ಪ ಕತ್ತರಿಸಲಿಲ್ಲ.
ಕೊಂಬಿನಿಂದ ಜೋತು, ಹಲ್ಲಿನಿಂದ, ಉಗುರಿನಿಂದ,
ಗಂಟುಗಂಟೇ ಬಿಡಿಸಿದ, ಎರಡು ತಾಸು.
ಮುದುಕ ತೆಲುಗಿನಲ್ಲಿ ಬೈಯುತ್ತಲೇ ಇದ್ದ.
ಪುಸ್ತಕದಲ್ಲಿ ಕೆಂಪು ಮಸಿ: ಕೆಲಸದಲ್ಲಿ ವಿಳಂಬ. ಮೂರು ದಿನದ ಪಗಾರ ಕಡಿತ.

ಮುಂದಿನ ಮಳೆಗಾಲ ತಂತಿಹಗ್ಗ ಜಾರಿ
ಎಡಗೈಯ ಎರಡು ಬೆರಳು ಸಮುದ್ರಕ್ಕೆ.
ಗಾಯದ ಕಾರಣ ಎಂಬ ಕಾಲಮ್ಮಿನಲ್ಲಿ: ಶತ್ರುವಿನಿಂದಲ್ಲ.
ಆ ಒಂದು ಪದದ ಮೇಲೆ ನಾಲ್ಕು ಸಲ ಬರೆದೆ ನಾನು ದಿಲ್ಲಿಗೆ.
ಸಾಯಲಿ, ಯುದ್ಧ ಇರದಿದ್ದರೆ ಆ ಹಗ್ಗ ಅಲ್ಲೇಕಿತ್ತು?
ಹಾಗೆ ಬರೆಯಲು ಬರುವುದಿಲ್ಲ, ಬರೆಯಲಿಲ್ಲ.
ನಾಲ್ಕು ಸಲವೂ ಬಂತು ಒಂದೇ ಸಾಲು.

ಐದನೆಯ ಸಲ ಮಾರೆಕ್ಕ ಬಂದಾಗ ಬಾಯಿ ತೆರೆಯಲಾಗದೆ
ಫೈಲಿನ ದಾರ ಬಿಗಿಯುತ್ತ ಕೂತೆ.
"ಏನೂ ಬಿದ್ದಿಲ್ಲೇನ್ರೀ?" ಅಂದಳು.
ಇಲ್ಲ ಅಂದೆ.
ಮುಖದ ಒಂದೇ ಕಡೆ ನಕ್ಕಳು. "ಬಲಿ ಛಲೋ ಐತಿ ಹಂಗಾದ್ರ."

ಪುಸ್ತಕ ವಾಪಸು ಬೇಕೆಂದಳು. ಕೊಡುವ ಮುಂಚೆ ತಿರುವಿದೆ ಕೊನೆಗೆ,
ಸರಕಾರ ಖಾಲಿ ಬಿಟ್ಟ ಹಾಳೆಗಳಿಗೆ.
ಅಲ್ಲಿ ಪೆನ್ಸಿಲು, ಮೂರು ಬೆರಳಿನ ಎಡಗೈ ಒತ್ತಿ ಹಿಡಿದು ಬರೆದದ್ದು,
ಹರಿಗೋಲಿನ ಲೆಕ್ಕ:
ಗೌಡರ ಎರಡು ಆಕಳು, ಆರಾಣೆ.
ಕುಂಬಾರರ ಗಡಿಗೆ, ಒಡೆದದ್ದು ಒಂದು, ನನ್ನ ಮೇಲೆ.
ಬಸುರಿ, ಆಸ್ಪತ್ರೆಗೆ, ಬಿಟ್ಟೆ.
ಸಾಲಿ ಹುಡುಗರು ಹನ್ನೆರಡು, ಬಿಟ್ಟೆ.
ಚಿನ್ನಾಪುರದ ಪೂಜಾರಿ, ನಾಲ್ಕಾಣೆ, ಬಾಕಿ.